ಸೋರುವ ಕಾರಿಗೆ ಹೊಸ ರಬ್ಬರು

ಕಾರಿನ ಬಾಗಿಲಿನ ಸುತ್ತ ಒಂದು ರಬ್ಬರಿನ ಪಟ್ಟಿ ಇರುತ್ತದೆ. ಕಿಟಕಿಯ ಗಾಜು ಏರಿಳಿಯುವ ಕಡೆಯೂ ಒಂದಿರುತ್ತದೆ. ಅವು ಹಾಳಾಗುವವರೆಗೂ ಅಲ್ಲಿದ್ದವೆಂದೇ ಯಾರಿಗೂ ಗೊತ್ತಾಗುವುದಿಲ್ಲ. ನನಗೂ ಗೊತ್ತಿರಲಿಲ್ಲ. ಈಗ ಯಾರಾದರೂ ಕೇಳಿದರೆ ಅರ್ಧ ದಿನ ಕೂತು ಹೇಳಬಲ್ಲೆ. ಯಾರೂ ಕೇಳುವುದಿಲ್ಲ, ಅದೇ ಪುಣ್ಯ. ರಬ್ಬರಿನ ಹೆಸರೆತ್ತಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಸಿಂಧನೂರು. ಕಾಲುವೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಮನೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರೇ. ಮಕ್ಕಳಾಗಲಿಲ್ಲ. ಮನೆಯ ಹಿಂದೆ ರೈಸ್ ಮಿಲ್ಲುಗಳ ಸಾಲು. ಒಣಹಾಕಿದ ಬಟ್ಟೆಯ ಮೇಲೆ ಭತ್ತದ ಹೊಟ್ಟಿನ ಬೂದಿ ಬೀಳುವುದು ನಮ್ಮ ಓಣಿಯಲ್ಲಿ ದಿನದ ಮಾತು. ಬೂದಿ ಬೀಳದಿದ್ದರೆ ಮಿಲ್ಲಿನಲ್ಲಿ ಏನೋ ಕೆಟ್ಟಿದೆ ಎಂದುಕೊಳ್ಳುತ್ತಿದ್ದೆವು. ಬಟ್ಟೆ ಜಾಡಿಸಿ ಮಡಚಿಟ್ಟರೆ ಅಲ್ಲಿಗೆ ಮುಗಿಯಿತು ಎಂದೇ ತಿಳಿದಿದ್ದೆವು. ಆ ಬೂದಿ ನನ್ನ ಹೆಂಡತಿಯ ಎದೆಯೊಳಗೂ ಬೀಳುತ್ತಿತ್ತು. ಒಂದು ಚಳಿಗಾಲ ಕೆಮ್ಮು ಹಿಡಿದದ್ದು ಬಿಡಲೇ ಇಲ್ಲ. ಡಾಕ್ಟರು ಎಕ್ಸ್‌ರೇ ಹಿಡಿದು ಬೆಳಕಿಗೆ ಒಡ್ಡಿ, "ಧೂಳು, ಹೊಗಿ, ಎರಡೂ ಬ್ಯಾಡ್ರಿ ಇವರಿಗೆ" ಎಂದರು. ಸಿಂಧನೂರಿನಲ್ಲಿ ಕೂತು ಈ ಮಾತು ಹೇಳುವವರಿಗೆ ಏನನ್ನಬೇಕು? ಉಸಿರಾಡುವುದನ್ನೇ ಬಿಡಿ ಎಂದಿದ್ದರೆ ಇನ್ನೂ ಸುಲಭವಾಗುತ್ತಿತ್ತು. ಗುಳಿಗೆ ಬರೆದುಕೊಟ್ಟರು, ಬಾಯಿಗೆ ಹಿಡಿದು ಒತ್ತುವ ಪಂಪು ಕೊಟ್ಟರು. ಅದನ್ನು ಅವಳು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಇನ್ನು ಕಾರಿನ ವಿಷಯ. ಅದು ಮಡಚುವ ಟಾಪಿನ ಹಳೆಯ ವಿಲಾಯತಿ ಕಾರು. ಕ್ಯಾನ್ವಾಸಿನ ಟಾಪನ್ನು ಹಿಂದಕ್ಕೆ ಮಡಚಿಬಿಟ್ಟರೆ ತೆರೆದ ಗಾಡಿ, ಎಳೆದು ಮುಂದಿನ ಗಾಜಿಗೆ ಸಿಕ್ಕಿಸಿದರೆ ಮುಚ್ಚಿದ ಗಾಡಿ. ಮೊದಲು ಒಬ್ಬ ಮಿಲ್ಲಿನ ಸಾಹುಕಾರರದಾಗಿತ್ತು. ಸಿಂಧನೂರಿನಲ್ಲಿ ಒಂದು ಕಾಲದಲ್ಲಿ ಯಾರದೇ ಮದುವೆ ಮೆರವಣಿಗೆ ಹೊರಟರೂ ಅದೇ ಕಾರು ಬೇಕು. ಹೂವಿನ ಸರ ಕಟ್ಟಿಸಿಕೊಂಡು, ಬ್ಯಾಂಡಿನವರ ಹಿಂದೆ ಎತ್ತಿಗಿಂತ ನಿಧಾನವಾಗಿ ಹೋಗಿ ಹೋಗಿ ಅದಕ್ಕೆ ಜೋರಾಗಿ ಓಡುವುದೇ ಮರೆತುಹೋಗಿತ್ತು. ನಮ್ಮ ಮೆರವಣಿಗೆಯೂ ಅದರಲ್ಲೇ ಆಯಿತು. ಆಗ ಬಂತು ನೋಡಿ ಮಳೆ! ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯಲ್ಲಿ ಅದಕ್ಕೆ ಬೇರೆ ಮುಹೂರ್ತ ಸಿಗಲಿಲ್ಲ. ಅವಸರದಲ್ಲಿ ಟಾಪು ಎಳೆದರು. ಟಾಪು ಹಾಕಿದ ಮೇಲೆ ಹೊರಗಿಗಿಂತ ಒಳಗೇ ಹೆಚ್ಚು ಸೋರಿತು. ಸಂದುಸಂದಿನಿಂದ ನೀರು ಇಳಿದು ಹೊಸ ಮದುಮಗಳ ಅರಿಷಿಣವೆಲ್ಲ ಕರಗಿ ನನ್ನ ಬಿಳಿಯ ಅಂಗಿಯ ಮೇಲೆ ಹರಿಯಿತು. ಅವಳು ನಕ್ಕಳು. ಅವಳು ನಗುವುದನ್ನು ನಾನು ಕಂಡದ್ದು ಅದೇ ಮೊದಲು. ಹುಡುಗಿ ನೋಡಲು ಹೋದಾಗ ತಲೆಯನ್ನೇ ಎತ್ತಿರಲಿಲ್ಲ.

ಅವಳ ತವರು ಮುದಗಲ್. ಅಲ್ಲಿ ಅವಳ ಅಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಉಳಿದ ಹೆಣ್ಣುಮಗಳು. ಬಾಯಿ ಮಾತ್ರ ಇಡೀ ಕೋಟೆಗೆ ಕೇಳಿಸುವಂಥದ್ದು. ಹೋದಾಗಲೆಲ್ಲ ನನ್ನನ್ನು ನೋಡಿ, "ಬಂದ್ರೇನ್ರೀ ಸೋರೋ ಕಾರಿನ ಅಳಿಯಂದ್ರು" ಎನ್ನುತ್ತಿದ್ದಳು. ಮುಂದೆ ಆ ಮಿಲ್ಲು ಮುಚ್ಚಿತು, ಕಾರು ಅದರ ಅಂಗಳದಲ್ಲಿ ಟಾಪು ಹರಿದುಕೊಂಡು ನಿಂತಿತು. ಗುಜರಿಗೆ ಹಾಕುತ್ತಾರಂತೆ ಎಂದು ಕೇಳಿ ನನ್ನ ಹೆಂಡತಿ ಮೂರು ಹೊತ್ತೂ ಅದನ್ನು ಕೊಳ್ಳುವ ಮಾತೇ ತೆಗೆದಳು. ಕೊಂಡೆ. ಕಚೇರಿಯಲ್ಲಿ ಎಲ್ಲರೂ ನಕ್ಕರು. ರಿಪೇರಿ ಮಾಡಿಸಿ, ಅಮಾವಾಸ್ಯೆಗೊಮ್ಮೆ ತೊಳೆದು, ಲಿಂಬೆಹಣ್ಣು ಕಟ್ಟಿ, ಕಾಯಿ ಒಡೆದು, ಊರೊಳಗೆ ಒಂದು ಸುತ್ತು ಹಾಕಿಸಿ ತಂದು ನಿಲ್ಲಿಸುತ್ತಿದ್ದೆವು. ಕಾರಿನ ಬಾಳು ಅಷ್ಟೇ ಆಗಿತ್ತು.

ಕೆಮ್ಮು ಬಲಿತ ಮೇಲೆ ಅವಳು ಮುದಗಲ್ಲಿಗೆ ಹೋಗುವುದು ನಿಂತಿತು. ಕೊನೆಯ ಸಲ ಬಸ್ಸಿನಲ್ಲಿ ಹೋಗುವಾಗ ಮಸ್ಕಿಯಲ್ಲೇ ಇಳಿಸಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗಿಸಿ, ವಾಪಸು ಕರೆತಂದಿದ್ದೆ. ಅತ್ತ ಅಕ್ಕನ ಮೊಣಕಾಲು ಹೋಗಿ ಅವಳೂ ಹಾಸಿಗೆ ಹಿಡಿದಳು. ಅಕ್ಕತಂಗಿಯರು ಫೋನಿನಲ್ಲಿ ಮಾತಾಡಿ ಮಾತಾಡಿ, ಕೊನೆಗೆ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡು ಕೂರುತ್ತಿದ್ದರು. ಒಂದು ದಿನ ಇವಳು ಹೇಳಿದಳು: "ಅಕ್ಕನ್ನ ಒಂದ್ ಸಲ ನೋಡಿ ಬರ್ತೀನ್ರೀ. ಆಮ್ಯಾಲ ಏನರ ಆಗ್ಲಿ."

ಎ.ಸಿ. ಇರುವ ಬಾಡಿಗೆ ಕಾರು ಗೊತ್ತು ಮಾಡುತ್ತೇನೆ ಎಂದೆ. ಅವಳ ಮುಖ ಗಂಟಾಯಿತು.

"ಬಾಡಿಗಿ ಗಾಡ್ಯಾಗ ಬ್ಯಾಡ. ನಮ್ಮ ಕಾರಿನ್ಯಾಗ ಹೋಗೂಣು. ಅಕೀ ಬಾಗಲಾ ಮುಂದ ನಿಂದ್ರಸೂಣು. ಸೋರೋ ಕಾರು ಅಂತಾಳಲ್ಲ, ನೋಡ್ಲಿ ಒಮ್ಮಿ."

"ಅದರಾಗ ಕುಂತ್ರ ಹಾದ್ಯಾಗಿನ ಧೂಳೆಲ್ಲ ನಿನ್ನ ಮೂಗಿಗೇ ಬರ್ತೈತಿ."

"ಹಂಗಾರ ಬರಲಾರದಂಗ ಮಾಡ್ರಿ. ಮನ್ಯಾಗ ಕುಂತು ಏನ್ ಮಾಡಾಕತ್ತೀರಿ ಮತ್ತ?"

ಅವಳ ಕಾಯಿಲೆಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಕಾರಿಗೆ ಮಾಡಬಹುದಾದದ್ದು ಇತ್ತು. ಮುಳುಗುವವನಂತೆ ಅದನ್ನೇ ಹಿಡಿದುಕೊಂಡೆ.

ಟಾಪು ಹೊಲಿಯುವ, ಸೀಟು ಮಾಡುವ ಕುಶನ್ ಅಂಗಡಿಯವನೊಬ್ಬ ಲಿಂಗಸುಗೂರಿನಲ್ಲಿದ್ದಾನೆ. ಕಾರನ್ನು ಅವನಲ್ಲಿಗೆ ಒಯ್ದೆ. ಭಾರಿ ಮಾತುಗಾರ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆರೆದು, ರಬ್ಬರಿಗೆ ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು. ತೆಗೆದಾಗ ಬೆಲ್ಲದ ಪಾಕದ ಹಾಗೆ ಕರಿಯ ಎಳೆ ಎದ್ದು ಬಂತು.

"ಯಾರ್ರೀ ಇದಕ್ಕ ಎಣ್ಣಿ ಕುಡಿಸಿದ್ದು? ರಬ್ಬರಿಗೆ ಎಣ್ಣಿ ಹಚ್ಚಿದ್ರ ಮುಗದುಹೋತು. ಉಬ್ಬಿ, ಕೊಳತು ಹೋಗ್ಯಾವ ಎಲ್ಲಾ."

ನನಗೆ ಗೊತ್ತಿತ್ತು. ಪ್ರತಿ ಅಮಾವಾಸ್ಯೆ, ಪೂಜೆ ಮುಗಿದ ಮೇಲೆ, ಅವಳು ಒಂದು ಬಟ್ಟಲಲ್ಲಿ ಕುಸುಬಿ ಎಣ್ಣೆ ತಂದು, ಹಳೆಯ ಬಟ್ಟೆ ಅದ್ದಿ, ಬಾಗಿಲಿನ ಸುತ್ತ ರಬ್ಬರಿಗೆಲ್ಲ ಸಾವಕಾಶವಾಗಿ ತಿಕ್ಕುತ್ತಿದ್ದಳು. ಬಿಸಿಲಿಗೆ ಒಣಗಿ ಬಿರಿಯಬಾರದು ಎಂದು. ಬಂಡಿಯ ಅಚ್ಚಿಗೆ, ಎತ್ತಿನ ಕೋಡಿಗೆ, ಹೊಸ ಚಪ್ಪಲಿಗೆ, ತಲೆಗೆ, ಎಲ್ಲದಕ್ಕೂ ಎಣ್ಣೆ ಹಚ್ಚಿ ಬದುಕಿದ ಮನೆತನದ ಮಗಳು. ಯಾವುದರ ಮೇಲೆ ಜೀವವಿದೆಯೋ ಅದಕ್ಕೆ ಎಣ್ಣೆ ಹಚ್ಚಬೇಕು, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಾನೂ ಪಕ್ಕದಲ್ಲಿ ನಿಂತು ಹೊಳಪು ನೋಡಿ ಖುಷಿ ಪಡುತ್ತಿದ್ದೆ.

"ಮೊದಲಿನ ಮಾಲಕರು ಹಚ್ಚಿರಬೇಕು" ಎಂದೆ ಅವನಿಗೆ.

ಈ ಕಾರಿನ ಅಸಲಿ ರಬ್ಬರು ಈ ಜನ್ಮದಲ್ಲಿ ಸಿಗುವುದಿಲ್ಲವೆಂದು ಅವನು ಹೇಳಿದ. ಹೇಳಿ, ಅಂಗಡಿಯ ಹಿಂದಿನಿಂದ ಒಂದು ದೊಡ್ಡ ಸುರುಳಿ ಉರುಳಿಸಿಕೊಂಡು ಬಂದ. ಭತ್ತ ಕೊಯ್ಯುವ ಹಾರ್ವೆಸ್ಟರುಗಳ ಕ್ಯಾಬಿನ್ನಿಗೆ ಹಾಕುವ ರಬ್ಬರು ಅದು. ಸುಗ್ಗಿಯಲ್ಲಿ ನಮ್ಮ ಕಡೆಗೆ ಬರುವ ಆ ಯಂತ್ರಗಳಲ್ಲಿ ಡ್ರೈವರು ಗಾಜಿನ ಡಬ್ಬಿಯೊಳಗೆ ಕೂತಿರುತ್ತಾನೆ. ಹೊರಗೆ ಮುಗಿಲು ಮುಚ್ಚುವಷ್ಟು ಹೊಟ್ಟು ಹಾರಿದರೂ ಅವನ ಅಂಗಿ ಮಾಸುವುದಿಲ್ಲ. "ಇದನ್ನ ಹಾಕಿದ್ರ ಒಂದ್ ಕಣ ಧೂಳು ಒಳಗ ಬಂದ್ರ ನನ್ನ ಹೆಸರು ಬ್ಯಾರೆ ಇಡ್ರಿ" ಎಂದ. ಕಾಲುವೆ ಸೀಮೆಯಲ್ಲಿ ಹಾರ್ವೆಸ್ಟರಿನ ಸಾಮಾನು ಎಂದರೆ ಎಲ್ಲರಿಗೂ ಅಷ್ಟು ನಂಬಿಕೆ. ಅದರ ಬೆಲ್ಟು ನೀರಿನ ಮೋಟರಿಗೆ ಬರುತ್ತದೆ, ಅದರ ತಗಡು ಮನೆಯ ಮಾಳಿಗೆಗೆ ಬರುತ್ತದೆ. ಕಾರಿಗೂ ಬರುತ್ತದೆ ಎಂದರೆ ನಾನೇಕೆ ನಂಬಬಾರದು? ಆ ಗಾಜಿನ ಡಬ್ಬಿಯೊಳಗೆ ಗಾಳಿ ತರಲು ಬೇರೆ ಯಂತ್ರವಿರುತ್ತದೆ ಎನ್ನುವುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಕಾರಿಗೆ ಅಂಥ ಯಾವ ಏರ್ಪಾಡೂ ಇರಲಿಲ್ಲ. ಸಂದುಗಳೇ ಅದರ ಮೂಗು.

ಟಾಪು ಹೊಲಿಯುವ ಕೆಲಸ ಅವನಿಗೆ ಬಿಟ್ಟೆ. ರಬ್ಬರು ಕೂರಿಸುವುದನ್ನು ನಾನೇ ಮಾಡುತ್ತೇನೆ ಎಂದೆ. ಅವನಿಗೆ ಅವಸರ, ನನಗೆ ಯಾವ ಅವಸರವೂ ಇರಲಿಲ್ಲ. ಮಸ್ಕಿಯಲ್ಲಿ ಪಂಕ್ಚರ್ ಅಂಗಡಿಗಳಿಗೆ ಸಾಮಾನು ಕೊಡುವವನ ಹತ್ತಿರ ಸಲ್ಯೂಷನ್ನಿನ ದೊಡ್ಡ ಡಬ್ಬಿಗಳನ್ನು ತೆಗೆದುಕೊಂಡೆ. ಟ್ಯೂಬಿಗೆ ತೇಪೆ ಹಚ್ಚುವ ಅದೇ ಅಂಟು. ಮುಚ್ಚಳ ತೆಗೆದರೆ ತಲೆ ಗಿರ್ರೆನ್ನುವಂಥ ವಾಸನೆ. ಗಟ್ಟಿ ವಾಸನೆ ಇದ್ದರೆ ಅಂಟೂ ಗಟ್ಟಿ ಎಂದು ಅಂಗಡಿಯವನು ಹೇಳಿದ.

ಹಳೆಯ ರಬ್ಬರು ಕೆರೆಯುವುದರಲ್ಲೇ ಉಗುರು ಸವೆದವು. ಚಾಕುವಿನಿಂದ ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ಮತ್ತೆ ಕೆರೆದು. ಎಲ್ಲಿ ಮುಟ್ಟಿದರೂ ಅವಳ ಎಣ್ಣೆಯ ಜಿಡ್ಡು. ಅಷ್ಟು ವರ್ಷ ಅವಳು ಕೈಯಾರೆ ಹಚ್ಚಿದ್ದನ್ನು ನಾನು ಚಾಕು ಹಿಡಿದು ಕೆರೆಯುತ್ತಿದ್ದೆ, ಅವಳು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ಏನ್ ಇಷ್ಟ್ ಜಿಗಟಾಗೇತಿ ಅದು?" ಎಂದು ಕೇಳಿದಳು. ವಯಸ್ಸಾದ ಮೇಲೆ ರಬ್ಬರು ಹಾಗೇ ಆಗುತ್ತದೆ ಎಂದೆ. "ನಮ್ಮಂಗ" ಎಂದಳು. ನಾನು ಚಾಕು ಇನ್ನಷ್ಟು ಒತ್ತಿ ಕೆರೆದೆ.

ಹಾರ್ವೆಸ್ಟರಿನ ರಬ್ಬರು ದಪ್ಪ. ನೆಟ್ಟಗಿನ ಕಡೆ ಕೂತಿತು, ಮೂಲೆಗೆ ಬಂದರೆ ಹೆಡೆ ಎತ್ತಿತು. ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಸಲ್ಯೂಷನ್ ಬಳಿದು, ಒಣಗುವವರೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಕೂರಬೇಕು. ಎಲ್ಲಕ್ಕಿಂತ ಕಷ್ಟ, ಟಾಪಿನ ಮುಂದಿನ ಅಂಚು ಗಾಜಿನ ಚೌಕಟ್ಟಿಗೆ ಕೂಡುವ ಜಾಗ. ಅಲ್ಲಿಂದಲೇ ಮದುವೆಯ ದಿನ ನೀರು ಇಳಿದದ್ದು. ಅಲ್ಲಿ ಪಟ್ಟಿಯ ಮೇಲೆ ಪಟ್ಟಿ ಕೂರಿಸಿದೆ, ಎರಡರ ನಡುವೆ ಅಂಟು ತುಂಬಿದೆ. ಕಿಟಕಿಯ ಗಾಜು ಜಾರುವ ಕಾಲುವೆಯಲ್ಲೂ ಅದೇ ರಬ್ಬರನ್ನು ಸೀಳಿ ಹಾಕಿದೆ. ಸಾಬೂನು ನೀರು ಹಚ್ಚಿ ಹಿಡಿಕೆ ತಿರುಗಿಸಿದರೆ ಗಾಜು ನರಳುತ್ತ ಏರುತ್ತಿತ್ತು, ಇಳಿಯಲು ಇನ್ನೂ ನರಳುತ್ತಿತ್ತು. ಬಾಗಿಲು ಮುಚ್ಚಬೇಕಾದರೆ ಸೊಂಟ ಕೊಟ್ಟು ನೂಕಬೇಕು. ಬಿಗಿ ಇದ್ದಷ್ಟೂ ಒಳ್ಳೆಯದು ಎಂದುಕೊಂಡೆ. ಬೆಳಿಗ್ಗೆ ಕೂತರೆ ಊಟಕ್ಕೆ ಅವಳು ಕೂಗುವವರೆಗೆ ಏಳುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದು ಈಗ ನೆನೆದರೆ ನನ್ನನ್ನು ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ನಡುವೆ ಅಮಾವಾಸ್ಯೆ ಬಂತು. ಪೂಜೆ ಆಯಿತು. ಅವಳು ಎಣ್ಣೆಯ ಬಟ್ಟಲು ಹಿಡಿದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ನಾನು ಅಡ್ಡ ನಿಂತೆ.

"ಇದಕ್ಕ ಎಣ್ಣಿ ಬೇಕಾಗಿಲ್ಲ. ಕಂಪನ್ಯಾಗ ಹಚ್ಚೇ ಕಳಸ್ಯಾರ."

"ಹೌದಾ? ಹೊಸಾದಕ್ಕ ಬೇಕಾಗಂಗಿಲ್ಲೇನು?"

"ಇಲ್ಲ."

ಅಷ್ಟು ದೂರ ಬಂದದ್ದಕ್ಕೇ ಉಸಿರು ಹತ್ತಿತ್ತು. ಆಮೇಲೆ ಹೋಗಿ ಕಟ್ಟೆಯ ಮೇಲೆ ಕೂತು, ಆ ಎಣ್ಣೆಯನ್ನು ತನ್ನ ಅಂಗಾಲಿಗೆ ತಿಕ್ಕಿಕೊಂಡಳು. ನಿಜ ಹೇಳಿದರೆ ಅವಳಿಗೆ ನೋವು, ಸುಳ್ಳು ಹೇಳಿದರೂ ಅವಳ ಕೈಗೆ ಕೆಲಸವಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ಕೆಲಸ ಮುಗಿದ ದಿನ ಪರೀಕ್ಷೆ ಮಾಡಿದೆ. ಎಲ್ಲಿ ಸಂದು ಉಳಿದಿದೆ ನೋಡಲು ಕೆಂಡದ ಮೇಲೆ ಲೋಬಾನ ಹಾಕಿ, ಆ ಧೂಪಾರತಿಯನ್ನು ಕಾರಿನೊಳಗೆ ಇಟ್ಟು, ಟಾಪು ಸಿಕ್ಕಿಸಿ, ಗಾಜು ಏರಿಸಿ, ಬಾಗಿಲು ಹಾಕಿದೆ. ಒಳಗೆ ಬೆಳ್ಳಗೆ ಹೊಗೆ ತುಂಬಿತು. ಸುತ್ತ ತಿರುಗಿ, ಬಗ್ಗಿ, ಮೂಗು ಹಚ್ಚಿ ನೋಡಿದೆ. ಒಂದು ಎಳೆ ಹೊಗೆಯೂ ಹೊರಗೆ ಬರಲಿಲ್ಲ. ನಾನು ಕೈ ತಟ್ಟಿ ಅವಳನ್ನು ಕರೆದೆ. ಅವಳು ಬಾಗಿಲಲ್ಲೇ ನಿಂತು ನೋಡಿ, "ನನ್ನ ಗಂಡ ಎಂಜಿನಿಯರ್ ಆಗ್ಯಾನ ಅಂತ ಅಕ್ಕಗ ಫೋನ್ ಮಾಡ್ತೀನಿ ತಡೀರಿ" ಎಂದಳು. ಮಾಡಿದಳು ಕೂಡ. ಅತ್ತ ಅಕ್ಕ ಏನೋ ಅಂದಿರಬೇಕು, ಇವಳು ನಕ್ಕು ನಕ್ಕು ಕೆಮ್ಮಿದಳು.

ಧೂಪಾರತಿ ತೆಗೆದು, ಹೊಗೆ ಹೋದ ಮೇಲೆ ಹಾಕಿದ ಕಾರಿನ ಬಾಗಿಲನ್ನು ಹೊರಡುವ ದಿನದವರೆಗೆ ಮತ್ತೆ ತೆರೆಯಲಿಲ್ಲ ನಾನು. ತೆರೆದರೆ ಮಿಲ್ಲಿನ ಬೂದಿ ಒಳಗೆ ಕೂರುತ್ತದಲ್ಲ! ಮೇಲೆ ತಾಡಪಲ್ಲನ್ನೂ ಹೊದಿಸಿದೆ. ಬಿಸಿಲಲ್ಲಿ ಆ ಸಲ್ಯೂಷನ್ನು, ಆ ಹೊಸ ರಬ್ಬರು ಒಳಗೊಳಗೇ ಬೇಯುತ್ತಿದ್ದವು. ನನ್ನ ಮೂಗಿಗೆ ಆ ವಾಸನೆ ತಿಳಿಯುವುದು ಎಂದೋ ನಿಂತಿತ್ತು. ನನ್ನ ಅಂಗಿ, ನನ್ನ ಕೈ, ನನ್ನ ಊಟದ ತಟ್ಟೆ, ಎಲ್ಲವೂ ಅದೇ ವಾಸನೆಯಾಗಿತ್ತು.

ಹೊರಟದ್ದು ಭತ್ತದ ಸುಗ್ಗಿ ಮುಗಿಯುವ ಹೊತ್ತಿಗೆ. ಸ್ವಲ್ಪ ದಿನ ತಡೆದು ಹೋಗಬಹುದಿತ್ತು. ಆದರೆ ಅವಳು ಬರಬರುತ್ತ ಸೊರಗುತ್ತಿದ್ದಳು, ನನಗೆ ತಡೆಯಲು ಧೈರ್ಯವಿರಲಿಲ್ಲ. ಹಸಿರು ಇಳಕಲ್ ಸೀರೆ ಉಟ್ಟಳು, ಅಕ್ಕನಿಗೆ ಶೇಂಗಾ ಹೋಳಿಗೆ ಕಟ್ಟಿಕೊಂಡಳು. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯನ್ನು ಮನೆಯಲ್ಲೇ ಬಿಟ್ಟಳು. ಬಾಗಿಲು ತೆರೆದಾಗ ಮೂಗು ಮುರಿದು, "ಏನ್ರೀ ಇದು ವಾಸನಿ" ಎಂದಳು. "ಹೊಸಾದೈತಲ್ಲ, ಹೋಗ್ತೈತಿ" ಎಂದೆ. ಕೂತಳು. ಸೊಂಟ ಕೊಟ್ಟು ಬಾಗಿಲು ನೂಕಿದೆ. ಆ ದಿನದ ನಂತರ ಅವಳು ಸಿಂಧನೂರು ದಾಟಿಲ್ಲ. ಈಗ ಮೂಗಿಗೆ ನಳಿಕೆ ಹಾಕಿಕೊಂಡು ಒಳಗಿನ ಕೋಣೆಯಲ್ಲಿ ಮಲಗಿರುತ್ತಾಳೆ. ಅಕ್ಕ ತೀರಿಕೊಂಡಾಗಲೂ ಮುದಗಲ್ಲಿಗೆ ಹೋಗಲಾಗಲಿಲ್ಲ.

ಊರು ದಾಟಿ ಮಸ್ಕಿ ರಸ್ತೆ ಹಿಡಿದೆವು. ಎರಡೂ ಕಡೆ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಹಾಕಿದ್ದರು. ರಸ್ತೆಗೆ ಅಡ್ಡಲಾಗಿ ಹೊಗೆ ಮಲಗಿತ್ತು. ಭತ್ತದ ಟ್ರ್ಯಾಕ್ಟರುಗಳು ಧೂಳೆಬ್ಬಿಸಿಕೊಂಡು ಎದುರಿಗೆ ಬರುತ್ತಿದ್ದವು. ಎಲ್ಲ ಗಾಜಿನ ಆಚೆ. ಒಳಗೆ ಒಂದು ಕಣವೂ ಬರಲಿಲ್ಲ. ನಾನು ಗೆದ್ದವನ ಹಾಗೆ ಅವಳ ಕಡೆ ನೋಡಿದೆ. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

"ಗ್ಲಾಸ್ ಒಂದೀಟು ಇಳಸ್ರಿ."

"ಹೊರಗ ಹೊಗಿ ನೋಡು ಎಷ್ಟೈತಿ. ತಡಿ, ಇದನ್ನ ದಾಟೂಣು."

ಅವಳು ತಡೆದಳು. ನಾನು ಹೇಳಿದರೆ ತಡೆಯುವುದು ಅವಳಿಗೆ ರೂಢಿ. ಹೊಗೆ ಮುಗಿಯಲಿಲ್ಲ, ಒಂದು ಗದ್ದೆ ದಾಟಿದರೆ ಇನ್ನೊಂದು. ಅವಳ ಉಸಿರಿನಲ್ಲಿ ಸೀಟಿ ಕೇಳತೊಡಗಿತು. ಹೊಗೆ ಎಲ್ಲಿಂದಲೋ ನುಗ್ಗುತ್ತಿದೆ ಎಂದುಕೊಂಡು ನಾನು ಒಂದು ಕೈಯಿಂದ ಟಾಪಿನ ಅಂಚು ಒತ್ತಿ ನೋಡಿದೆ, ಗಾಜಿನ ಹಿಡಿಕೆಯನ್ನು ಇನ್ನಷ್ಟು ಬಿಗಿ ಮಾಡಿದೆ. ಅವಳು ಪಂಪು ಬಾಯಿಗಿಟ್ಟು ಒತ್ತಿಕೊಂಡಳು. ಒತ್ತಿಕೊಂಡು ಎಳೆದದ್ದು ಮತ್ತೆ ಅದೇ ಸಲ್ಯೂಷನ್ನಿನ ಗಾಳಿ. ಆಮೇಲೆ ಬಳೆ ಹಾಕಿದ ಕೈಯಿಂದ ಗಾಜನ್ನು ಬಡಿಯತೊಡಗಿದಳು. ಹಿಡಿಕೆ ಹಿಡಿದು ತಿರುಗಿಸಿದಳು. ಗಾಜನ್ನು ರಬ್ಬರು ಕಚ್ಚಿ ಹಿಡಿದಿತ್ತು. ಹಿಡಿಕೆ ಕಿತ್ತು ಅವಳ ಕೈಗೆ ಬಂತು.

ಆಗ ಕಾರು ನಿಲ್ಲಿಸಿದೆ. ಇಳಿದು ಆ ಕಡೆ ಓಡಿ ಬಾಗಿಲು ಎಳೆದೆ. ಮೊದಲ ಎಳೆತಕ್ಕೆ ಬರಲಿಲ್ಲ. ಬಂದಾಗ ಅವಳು ನನ್ನ ಮೇಲೇ ಬಿದ್ದಳು. ಎತ್ತಿ ರಸ್ತೆ ಪಕ್ಕದ ಕಾಲುವೆಯ ಸೇತುವೆಯ ಕಟ್ಟೆಯ ಮೇಲೆ ಕೂರಿಸಿದೆ. ಸುತ್ತ ಹುಲ್ಲಿನ ಹೊಗೆ. ಆ ಹೊಗೆಯನ್ನು ಅವಳು ಬಾಯಿ ತೆರೆದು ಕುಡಿದಳು, ನೀರಡಿಸಿದವರು ನೀರು ಕುಡಿದ ಹಾಗೆ. ತುಟಿ ನೀಲಿಯಾಗಿತ್ತು. ನಾನು ಬೆನ್ನು ನೀವುತ್ತಿದ್ದೆ, ನನ್ನ ಕೈಯಿಂದ ಅದೇ ವಾಸನೆ ಬರುತ್ತಿತ್ತೋ ಏನೋ, ಅವಳು ಮೆಲ್ಲಗೆ ನನ್ನ ಕೈ ಸರಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತಿನ ಮೇಲೆ ಉಸಿರು ಒಂದು ಹದಕ್ಕೆ ಬಂತು. ಕಾರಿನ ಕಡೆ ನೋಡಿದಳು.

"ಚಲೋ ಮಾಡೀರಿ. ಸೋರಂಗಿಲ್ಲ ಅದು."

"ಟಾಪು ಬಿಚ್ಚತೀನಿ, ಹಂಗೇ ಹೋಗೂಣು" ಎಂದೆ. ಅವಳು ಗದ್ದೆಯ ಹೊಗೆ ನೋಡಿ, ರಸ್ತೆ ನೋಡಿ, ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಮನೀಗೆ ಹೋಗೂಣು."

ಕಾರಿನಲ್ಲಿ ಮತ್ತೆ ಕೂರಲು ಅವಳು ಒಪ್ಪಲಿಲ್ಲ. ಹೆದರಿದ್ದಳು. ಮಸ್ಕಿಯ ಕಡೆಯಿಂದ ಕೂಲಿಯವರನ್ನು ತುಂಬಿಕೊಂಡು ಒಂದು ಆಟೊ ಬಂತು. ಕೈ ಮಾಡಿದೆ. ಹೆಣ್ಣುಮಕ್ಕಳು ಸರಿದು ಹಿಂದೆ ಅವಳಿಗೆ ಜಾಗ ಮಾಡಿದರು. ಹೋಳಿಗೆಯ ಗಂಟನ್ನು ಮಡಿಲಲ್ಲಿಟ್ಟೆ. "ನೀವು ಅದನ್ನ ತಗೊಂಡು ಬರ್ರಿ" ಎಂದಳು. ನಾನೂ ಆಟೊದಲ್ಲೇ ಬರುತ್ತೇನೆ, ಕಾರು ಇಲ್ಲೇ ಬಿದ್ದಿರಲಿ ಎಂದೆ. "ರಸ್ತ್ಯಾಗ ಬಿಟ್ಟು ಬರ್ತಾರೇನು, ನಮ್ಮದು" ಎಂದಳು. ಆಟೊ ಹೊರಟಿತು.

ನಾನು ಹಿಂದೆ ಹಿಂದೆಯೇ ಬಂದೆ. ಟಾಪು ಬಿಚ್ಚುತ್ತ ಕೂತರೆ ಆಟೊ ತಪ್ಪಿಹೋಗುತ್ತದೆಂದು ಹಾಗೆಯೇ ಹೊರಟುಬಿಟ್ಟಿದ್ದೆ. ಆಟೊದ ಹಿಂಬದಿ ಬಯಲಾಗಿತ್ತು. ಅವಳ ಬೆನ್ನು, ಹಸಿರು ಸೆರಗು ಕಾಣುತ್ತಿದ್ದವು. ಟ್ರ್ಯಾಕ್ಟರಿನ ಧೂಳು, ಹುಲ್ಲಿನ ಹೊಗೆ, ಎಲ್ಲ ಅವಳ ಮೇಲೆಯೇ ಹಾದುಹೋಗುತ್ತಿದ್ದವು. ನನ್ನ ಅಂಗಿ ಬೆಳ್ಳಗಿತ್ತು. ನನ್ನ ತಲೆ ತಿರುಗುತ್ತಿತ್ತು, ಕಣ್ಣು ಉರಿಯುತ್ತಿದ್ದವು, ಈಗ ನನಗೂ ಆ ವಾಸನೆ ತಿಳಿಯುತ್ತಿತ್ತು. ಊರು ಹತ್ತಿರ ಬಂದಾಗ ಅವಳ ಬೆನ್ನು ಅಲುಗತೊಡಗಿತು. ಪಕ್ಕದ ಹೆಣ್ಣುಮಗಳು ಅವಳನ್ನು ತಬ್ಬಿ ಹಿಡಿದುಕೊಂಡಳು. ಕೆಮ್ಮುತ್ತಿದ್ದಾಳೋ, ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಕೂಗಿ ಕೇಳಬೇಕೆಂದು ನನ್ನ ಕಡೆಯ ಹಿಡಿಕೆ ತಿರುಗಿಸಿದೆ. ಗಾಜು ಇಳಿಯಲಿಲ್ಲ.